ಬೊಂಗನಿಗೆ ಎಷ್ಟು ಏಟು?

ಬೆಳಗಿನ ಆರು ಗಂಟೆ. ಮಕಾಯ್ ಪಟ್ಟಣದ ಕಡೆಯ ಕಬ್ಬಿನ ಬಯಲಲ್ಲಿ ಇನ್ನೂ ನಸುಗತ್ತಲು. ಮರದ ಹಲಗೆಯ ಹಳೇ ಚರ್ಚಿನಲ್ಲಿ ಡಲ್ಸಿ ಅಂಬ್ರಿಮ್ ಚಪ್ಪಲಿ ಬಿಟ್ಟು ಗಂಟೆಯ ಹಗ್ಗ ಹಿಡಿಯುತ್ತಾರೆ. ಎಪ್ಪತ್ತೊಂದು ವರ್ಷದ ಇವರು ಊರಿಗೆಲ್ಲ ಡಲ್ಸಿ ಆಂಟಿ. ನಿನ್ನೆ ತೀರಿಕೊಂಡವರೊಬ್ಬರಿಗೆ ಇವತ್ತು ಎಂಬತ್ತನಾಲ್ಕು ಏಟು ಹೊಡೆಯಬೇಕು. ಬದುಕಿದ ವರ್ಷಕ್ಕೊಂದು ಏಟು, ಇಲ್ಲಿನ ರೂಢಿ. ಒಮ್ಮೆ ಒಂದೇಟು ಹೆಚ್ಚಾಗಿ, ನನ್ನ ಗಂಡ ಅಷ್ಟು ಮುದುಕನಾಗಿರಲಿಲ್ಲ ಎಂದು ವಿಧವೆಯೊಬ್ಬಳು ಜಗಳಕ್ಕೇ ಬಂದಿದ್ದಳಂತೆ.

ಗುಡಿಸುವುದು, ಸಮಾಧಿಗಳ ಹುಲ್ಲು ಕತ್ತರಿಸುವುದು, ಗಂಟೆ ಹೊಡೆಯುವುದು, ಎಲ್ಲಕ್ಕೂ ಮೂವತ್ತೊಂದು ವರ್ಷದಿಂದ ಇವರೊಬ್ಬರೇ. ಅಂಬ್ರಿಮ್ ಎನ್ನುವುದು ಮನೆತನದ ಹೆಸರಲ್ಲ, ಸಮುದ್ರದಾಚೆಯ ಒಂದು ದ್ವೀಪದ್ದು. ಇವರ ಮುತ್ತಜ್ಜ ಬೊಂಗನನ್ನು ಬಟ್ಟೆಯ ಆಸೆ ತೋರಿಸಿ ಅಲ್ಲಿಂದ ಹಡಗು ಹತ್ತಿಸಿ ತಂದು, ಇಲ್ಲಿ ಕಬ್ಬು ಕಡಿಯಲು ಹಚ್ಚಿದರು. ದುಡಿಸಿಕೊಂಡ ಧಣಿಯೇ ಈ ಚರ್ಚನ್ನೂ ಕಟ್ಟಿಸಿದ ಪುಣ್ಯಾತ್ಮ! ಧಣಿಯ ಭಾಷೆಯಲ್ಲಿ ಪ್ರಾರ್ಥನೆ ಒಪ್ಪಿಸಿದವರಿಗೆ ದೀಕ್ಷಾಸ್ನಾನ, ಸತ್ತರೆ ಚರ್ಚಿನ ಬೇಲಿಯೊಳಗೆ ಜಾಗ. ಮುತ್ತಜ್ಜಿ ಒಪ್ಪಿಸಿದಳು. ಬೊಂಗನ ನಾಲಿಗೆ ಹೊರಳಲಿಲ್ಲ. ಅಷ್ಟರಲ್ಲಿ ರಕ್ತಭೇದಿಯಾಗಿ ಸತ್ತ. ಹೂತದ್ದು ಬೇಲಿಯಾಚೆ.

ಆಚೆಗೊಂದು ಕಲ್ಲುಗುಪ್ಪೆಯಿದೆ. ಅದೇ ಬೊಂಗನ ಸಮಾಧಿ ಎಂದು ಅಜ್ಜಿ ತೋರಿಸಿದ್ದರಿಂದ ಡಲ್ಸಿ ಪ್ರತಿ ಭಾನುವಾರ ಅಲ್ಲಿ ಹೂವಿಟ್ಟು ಪ್ರಾರ್ಥಿಸುತ್ತಿದ್ದರು. ಕಳೆದ ತಿಂಗಳು ವಿಶ್ವವಿದ್ಯಾಲಯದವರು ನೆಲದೊಳಗೆ ಇಣುಕುವ ಯಂತ್ರ ತಂದರು. ಗುಪ್ಪೆಯಡಿ ಯಾರೂ ಇಲ್ಲ. ಅದು ಹೊಲ ಹಸನು ಮಾಡಲು ಆಳುಗಳು ಹೆಕ್ಕಿ ಹಾಕಿದ ಕಲ್ಲು. ಬೊಂಗನಂತೆ ಬೇಲಿಯಾಚೆ ಹೂತ ಇಪ್ಪತ್ತೆಂಟು ಜನರ ಗುಂಡಿಗಳು ಇರುವುದು ಪಕ್ಕದ ಕಬ್ಬಿನ ಸಾಲುಗಳ ಕೆಳಗೆ.

"ಇಷ್ಟು ವರ್ಷ ಕಲ್ಲಿಗೆ ಪ್ರಾರ್ಥನೆ ಮಾಡಿದೆ ಮಗಾ. ಅವನ ಮೇಲೆ ಬೆಳೆದ ಕಬ್ಬಿನ ಸಕ್ಕರೇನ ಚಹಾಕ್ಕೆ ಹಾಕ್ಕೊಂಡು ಕುಡಿದೆ," ಎನ್ನುತ್ತಾರೆ ಡಲ್ಸಿ. ಈಗ ಅವರ ಮನೆಯಲ್ಲಿ ಸಕ್ಕರೆ ಡಬ್ಬಿಯೇ ಇಲ್ಲ.

ಯಾರಿಗಾಗಿ ಎಂದು ದೇವರಿಗೆ ಗೊತ್ತಿತ್ತು, ಪ್ರಾರ್ಥನೆ ಸೇರಬೇಕಾದಲ್ಲಿಗೇ ಸೇರಿದೆ ಎಂದು ಪಾದ್ರಿ ಸಮಾಧಾನ ಹೇಳಿದರು. "ಗೊತ್ತಿದ್ರೆ ನಂಗ್ಯಾಕೆ ಹೇಳ್ಲಿಲ್ಲ ಫಾದರ್? ದೇವರ ಮನೇನೇ ಅಲ್ವಾ ನಾನು ಗುಡಿಸ್ತಿದ್ದಿದ್ದು?" ಎಂದು ಡಲ್ಸಿ ಕೇಳಿದರು. ಡಲ್ಸಿ ಪೊರಕೆ ಕೈಗೆತ್ತಿಕೊಂಡರು.

ಇಷ್ಟಾದರೂ ಚರ್ಚು ಬಿಡಲಿಲ್ಲವೇಕೆ ಎಂದರೆ ಮರುಪ್ರಶ್ನೆ ಹಾಕುತ್ತಾರೆ. "ಎಲ್ಲಿಗೆ ಹೋಗ್ಲಿ? ಮುತ್ತಜ್ಜನ ಭಾಷೆ ನಂಗೆ ಒಂದಕ್ಷರ ಬರಲ್ಲ. ಅಳೋಕೂ ಇವರ ಹಾಡೇ ಬೇಕು."

ಸೋಮವಾರ ಆ ಹೊಲಕ್ಕೆ ಕಟಾವು ಯಂತ್ರ ಇಳಿಯುತ್ತದೆ. ತಡೆಯಲು ಓಡಾಡಿದ್ದೆಲ್ಲ ನೀರಿನಲ್ಲಿ ಹೋಮ. ಅದಕ್ಕೆ ಮುಂಚೆ ಬೊಂಗನ ಹೆಸರಿಗೆ ಗಂಟೆಯನ್ನಾದರೂ ಹೊಡೆಯೋಣ ಎಂದು ಡಲ್ಸಿ ಕೇಳಿದಾಗ ಪಾದ್ರಿ ತಕ್ಷಣ ಒಪ್ಪಿದರು. ಆದರೆ ಎಷ್ಟು ಏಟು? ತೋಟದ ಹಳೇ ದಾಖಲೆಯಲ್ಲಿ ಅವನ ಸಾವಿನ ನಮೂದಿನಲ್ಲಿ ಇರುವುದು 'ಗಂಡಾಳು' ಎಂಬ ಒಂದೇ ಪದ. ವಯಸ್ಸು ಬರೆದಿಲ್ಲ. ಅಂದಾಜಿಗೆ ಹೊಡೆದುಬಿಡಿ ಎಂದು ಎಲ್ಲರೂ ಹೇಳುತ್ತಾರೆ.

"ಅಂದಾಜಿಗೆ ಹೂತ್ರು. ಅಂದಾಜಿಗೆ ನಾನೂ ಅತ್ತೆ. ಗಂಟೆನಾದ್ರೂ ಸರಿಯಾಗಿ ಹೊಡೀಬೇಕಲ್ವಾ?"

ಎಂಬತ್ತನಾಲ್ಕನೆಯ ಏಟು ಮುಗಿಯುತ್ತದೆ. ಡಲ್ಸಿ ಹಗ್ಗವನ್ನು ಗೂಟಕ್ಕೆ ಸುತ್ತಿ, ಕೆಂಪೇರಿದ ಅಂಗೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತಾರೆ.

"ಅವನಿಗೆ ಎಷ್ಟು ವಯಸ್ಸಾಗಿತ್ತು ಅಂತ ಯಾರಾದ್ರೂ ಹೇಳಿದ್ರೆ ಸಾಕು, ನಂಗೆ ಬೇರೇನೂ ಬೇಡ. ಸಣ್ಣ ವಯಸ್ಸೇ ಇದ್ದಿರ್ಬೇಕು ಮಗಾ. ಹೊಡೆಯೋಕೆ ಜಾಸ್ತಿ ಹೊತ್ತು ಹಿಡಿಯಲ್ಲ."