ಊರು ಬಿಡದವಳು

ಬೆಳ್ಳಾರೆಯ ಚಿಕ್ಕಮ್ಮನ ಮನೆ ಜಗಲಿಯಲ್ಲಿ ಆ ಮಧ್ಯಾಹ್ನ ನಾವು ನಾಲ್ವರಿದ್ದೆವು. ಬೀಡಿ ಕಟ್ಟುತ್ತಿದ್ದ ಚಿಕ್ಕಮ್ಮ, ಪರೀಕ್ಷೆಯ ಹೆದರಿಕೆಯಲ್ಲಿ ಉಗುರು ಕಚ್ಚುತ್ತಿದ್ದ ಅವರ ಮಗಳು, ನಾನು, ಮತ್ತೆ ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿಯೆಲೆ ಕತ್ತರಿಸುತ್ತಿದ್ದ ಕೆಳಮನೆ ಅಕ್ಕ. ಅಕ್ಕನಿಗೆ ಮದುವೆಯಾಗಿಲ್ಲ; ಒಂದನೇ ಕ್ಲಾಸಿಗೆ ಹೋಗುವ ಮಗಳಿದ್ದಾಳೆ. ಅಪ್ಪ ಯಾರೆಂದು ಊರು ಕೇಳಿ ಕೇಳಿ ಸುಸ್ತಾಗಿದೆ, ಅಕ್ಕ ಹೇಳಿಲ್ಲ.

ತಂಗಿಗೆ ಕಾಲೇಜಿನಲ್ಲಿ ಒಂದು ಹಳೆಯ ಇಂಗ್ಲಿಷ್ ಕಾದಂಬರಿ ಪಾಠ. "ನೀನು ಹೇಳಿದ್ರೆ ತಲೆಗೆ ಹೋಗ್ತದೆ ಅಣ್ಣ, ಪುಸ್ತಕ ಹಿಡಿದ್ರೆ ನಿದ್ದೆ" ಎಂದಳು.

ನನಗೆ ಕಥೆ ಹೇಳುವುದು ಬಂದದ್ದು ಅಜ್ಜಿಯಿಂದ. ಅವರು ರಾಮಾಯಣವನ್ನೂ ನೆರೆಮನೆ ಜಗಳವನ್ನೂ ಒಂದೇ ಧಾಟಿಯಲ್ಲಿ ಹೇಳುತ್ತಿದ್ದರು. ನಾನೂ ಹಾಗೆಯೇ ಶುರುಮಾಡಿದೆ. ಕಡಲು ದಾಟಿ ಬಂದು ನೆಲೆಸಿದ, ದೇವರಿಗೆ ವಿಪರೀತ ಹೆದರುವ ಜನರ ಊರು. ಗಂಡ ಹತ್ತಿರವಿಲ್ಲದ ಒಬ್ಬಳಿಗೆ ಮಗುವಾಗುತ್ತದೆ. ಕೂಸನ್ನೆತ್ತಿಕೊಂಡು ಊರೆದುರು ಕಟ್ಟೆಯ ಮೇಲೆ ನಿಲ್ಲಬೇಕು, ಬದುಕಿಡೀ ಎದೆಯ ಮೇಲೆ ತಪ್ಪಿನ ಗುರುತಾಗಿ ಒಂದು ಕೆಂಪು ಅಕ್ಷರ ತೊಡಬೇಕು. ಮಗುವಿನ ಅಪ್ಪನ ಹೆಸರು ಹೇಳು ಅಂದರು. ಅವಳು ಹೇಳಲಿಲ್ಲ.

ಅಲ್ಲಿಗೆ ಬಂದಾಗ ಕಥೆ ನಿಲ್ಲಿಸಿದೆ. ಅಕ್ಕನ ಕತ್ತರಿ ನಿಂತಿತ್ತು. ಚಿಕ್ಕಮ್ಮ ನನ್ನತ್ತ ಕಣ್ಣು ದೊಡ್ಡದು ಮಾಡಿದರು. ನೀರು ಕುಡಿಯುವ ನೆಪದಲ್ಲಿ ಎದ್ದೆ, ಕುಡಿಯದೆ ಮತ್ತೆ ಕೂತೆ.

"ನಿಲ್ಲಿಸ್ಬೇಡಿ ಮಾರಾಯ್ರೆ. ಅವಳು ಮತ್ತೆ ಊರು ಬಿಟ್ಳಾ?" ಅಕ್ಕ ಕೇಳಿದಳು.

"ಇಲ್ಲ. ಹೋಗ್ಬಹುದಿತ್ತು, ಯಾರೂ ಹಿಡಿದಿರ್ಲಿಲ್ಲ. ಊರ ಕೊನೆಯಲ್ಲಿ ಹೊಲಿಗೆ ಹಾಕಿ ಬದುಕಿದ್ಳು. ಆ ಅಕ್ಷರವನ್ನೂ ಜರಿ ಹಾಕಿ ಚಂದ ಮಾಡಿದ್ಳು."

"ಅದೆಂತ ಪೊಗರು," ಎಂದರು ಚಿಕ್ಕಮ್ಮ.

"ಹಾಕ್ಲೇಬೇಕು ಅಂತಾದ್ರೆ ಚಂದದ್ದೇ ಹಾಕುದು," ಎಂದಳು ಅಕ್ಕ.

ತಂಗಿ ಸುಮ್ಮನಿರಲಿಲ್ಲ. "ಹೆಸರು ಹೇಳಿದ್ರೆ ಅರ್ಧ ಶಿಕ್ಷೆ ಅವನಿಗೂ ಹೋಗ್ತಿತ್ತಲ್ಲ?"

"ಪರೀಕ್ಷೆಗೆ ಅದನ್ನೇ ಕೇಳ್ತಾರಾ?" ಎಂದು ಅಕ್ಕ ನಕ್ಕಳು.

ಮುಂದಿನ ತಿಂಗಳು ಚಿಕ್ಕಮ್ಮನ ಮಗನ ಮದುವೆ. ನಮ್ಮಲ್ಲಿ ಹೇಳಿಕೆ ಎಂದರೆ ಮನೆಗೇ ಹೋಗಿ, ಕೂತು, ಬಾಯಿಬಿಟ್ಟು ಕರೆಯುವುದು. ಅಕ್ಕಪಕ್ಕದ ಮನೆಗಳಿಗೆಲ್ಲ ಆಗಿತ್ತು, ಕೆಳಮನೆಗೆ ಆಗಿರಲಿಲ್ಲ. ಅಕ್ಕ ಮೊರ ಎತ್ತಿಕೊಂಡು ಹೊರಡುವಾಗ ಚಿಕ್ಕಮ್ಮ ಈಗಷ್ಟೇ ನೆನಪಾದವರಂತೆ ಹೇಳಿದರು: "ಮದುವೆಗೆ ಬಾ ಆಯ್ತಾ. ಊಟದ ಹೊತ್ತಿಗೆ ಬಂದ್ರೂ ಸಾಕು."

ಅಕ್ಕ ಮೆಟ್ಟಿಲಲ್ಲಿ ನಿಂತಳು. "ನಮ್ಮ ಮನೆಗೆ ಯಾಕೆ ಯಾರೂ ಹೇಳಿಕೆಗೆ ಬರುದಿಲ್ಲ ಅಂತ ಮಗಳು ಕೇಳ್ತಾಳೆ. ಬಂದು ಹೇಳಿದ್ರೆ ಇಬ್ಬರೂ ಬರ್ತೇವೆ. ಇಲ್ಲದಿದ್ರೆ ಬೇಸರ ಎಂತದೂ ಇಲ್ಲ. ಬೀಡಿಗೆ ನಾಳೆ ಬರ್ತೇನೆ."

ಅವಳು ಹೋದ ಮೇಲೆ ಚಿಕ್ಕಮ್ಮ ನನ್ನ ಮೇಲೆ ಹಾರಿದರು. "ಎಲ್ಲ ನಿನ್ನ ಕಥೆಯಿಂದ. ಅವಳ ಮೆಟ್ಟಿಲು ಹತ್ತಿದ್ರೆ ನಾಳೆ ಬೀಗರು ಎಂತ ಹೇಳಿಯಾರು?"

ಆ ಸಂಜೆ ನನ್ನ ಮನೆಗೆ ವಾಪಸಾಗಲು ಪುತ್ತೂರಿನ ಬಸ್ಸಿನಲ್ಲಿ ಕೂತರೂ ಮನಸ್ಸು ಕೂರಲಿಲ್ಲ. ಮರುದಿನ ತಂಗಿಗೆ ಫೋನು ಮಾಡಿದೆ. ಅಕ್ಕ ಬಂದಿದ್ದಾಳೆ, ಎಲೆ ಕತ್ತರಿಸುತ್ತಿದ್ದಾಳೆ, ಮದುವೆಯ ಮಾತಿಲ್ಲ ಎಂದಳು. ಆಮೇಲೂ ಕೇಳುತ್ತಲೇ ಇದ್ದೆ. ಪ್ರತಿಸಲವೂ ಅದೇ ಉತ್ತರ. ಮದುವೆ ಹತ್ತಿರವಾಗುತ್ತಿತ್ತು.

ಕೊನೆಗೊಂದು ಸಂಜೆ ಚಿಕ್ಕಮ್ಮ ಯಾರಿಗೂ ಹೇಳದೆ ಕೆಳಮನೆಗೆ ಇಳಿದು ಹೋದರಂತೆ. ಅಕ್ಕ ಇರಲಿಲ್ಲ, ಪೇಟೆಗೆ ಹೋಗಿದ್ದಳು. ಮಗಳೇ ಚಾಪೆ ಹಾಸಿ ನೀರು, ಬೆಲ್ಲ ತಂದಿಟ್ಟಳು. ಚಿಕ್ಕಮ್ಮ ಬೆಲ್ಲ ಬಾಯಿಗೆ ಹಾಕಿ, ನೀರು ಕುಡಿದು, ಆ ಮಗುವಿಗೇ ಮದುವೆಯ ದಿನವನ್ನೂ ಹಾಲ್ ಎಲ್ಲಿ ಎನ್ನುವುದನ್ನೂ ಹೇಳಿ ಬಂದರು.