ಕಳಕಪ್ಪನ ಕಿವಿ, ಮಾಸ್ತರ ಅಂಬಾಸಿಡರ್

ಕುಷ್ಟಗಿಯಲ್ಲಿ ಹಳೆಯ ಪೆಟ್ರೋಲ್ ಕಾರು ಇಟ್ಟುಕೊಂಡವರು ಈಗ ಬೆರಳೆಣಿಕೆಯಷ್ಟು. ಅಷ್ಟೂ ಜನಕ್ಕೆ ಮೆಕ್ಯಾನಿಕ್ ಒಬ್ಬನೇ, ಕಳಕಪ್ಪ. ಅರವತ್ನಾಲ್ಕು ವರ್ಷದ ಈ ಮನುಷ್ಯನ ಹತ್ತಿರ ದೊಡ್ಡ ಸಾಮಾನೇನೂ ಇಲ್ಲ. ನಾಲ್ಕು ಪಾನಾ, ಎರಡು ಸ್ಕ್ರೂಡ್ರೈವರ್, ವೈರು ಸಿಕ್ಕಿಸಿದ ಒಂದು ಬಲ್ಬು. ಉಳಿದದ್ದೆಲ್ಲ ಕಿವಿ. ಎಂಜಿನ್ನಿನ ಸದ್ದು ಕೇಳಿಯೇ ಟೈಮಿಂಗ್ ಕೂಡಿಸುತ್ತಾನೆ, ಅಂದರೆ ಪ್ಲಗ್ಗಿನ ಕಿಡಿ ಯಾವ ಗಳಿಗೆಗೆ ಹಾರಬೇಕೆಂದು ಗೊತ್ತು ಮಾಡುತ್ತಾನೆ. ಕಳಕಪ್ಪನ ಕಿವಿ ಅಂದರೆ ಯಲಬುರ್ಗಾದವರೆಗೂ ಹೆಸರು. ಆ ಹೆಸರಿನ ಮೇಲೆ ನಲವತ್ತು ವರ್ಷ ಉಂಡಿದ್ದಾನೆ, ಸ್ವಲ್ಪ ಸೊಕ್ಕನ್ನೂ ಮಾಡಿದ್ದಾನೆ, ಸುಳ್ಳೇಕೆ ಹೇಳಲಿ.

ಹನುಮಸಾಗರದ ವಿರುಪಣ್ಣ ಮಾಸ್ತರು ನಿವೃತ್ತರು. ತಂದೆಯ ಕಾಲದ ಅಂಬಾಸಿಡರನ್ನು ದೀಪಾವಳಿಗೆ ಇವನ ಕೈಯಲ್ಲೇ ಸರ್ವಿಸ್ ಮಾಡಿಸಿಕೊಂಡು ಹೋಗಿದ್ದರು. ಆಮೇಲೆ ಗಾಡಿ ದೂರು ಹೊತ್ತು ವಾಪಸ್ಸು ಬಂದದ್ದು ಇದು ಮೂರನೆಯ ಸಲ.

"ಏರು ಹತ್ತೂ ಮುಂದ ಡಬ್ಬಿಯೊಳಗ ಹರಳು ಹಾಕಿ ಅಳ್ಳಾಡಿಸಿದಂಗ ಸಪ್ಪಳ ಬರತೈತ್ರಿ ಕಳಕಪ್ಪಾರ. ಎಂಜಿನ್ನೂ ಭಾಳ ಕಾಯತೈತಿ," ಎಂದರು ಮಾಸ್ತರು.

ಮೊದಲ ಸಲ ಕಳಕಪ್ಪ ಟೈಮಿಂಗ್ ಮತ್ತೆ ಕೂಡಿಸಿ, ತಪ್ಪನ್ನು ಪೆಟ್ರೋಲಿನ ಮೇಲೆ ಹಾಕಿದ್ದ. ಎರಡನೆಯ ಸಲವೂ ಹಾಗೇ ಕೂಡಿಸಿ, ಮಾಸ್ತರಿಗೇ ಗಾಡಿ ಓಡಿಸಲು ಬರುವುದಿಲ್ಲ ಎಂಬ ಹಾಗೆ ಮಾತಾಡಿದ್ದ. ಮಾಸ್ತರು ಪುಣ್ಯಾತ್ಮರು, ನಕ್ಕು ಹೋಗಿದ್ದರು. ಈ ಸಲ ನಗಲಿಲ್ಲ.

"ನಿಮ್ಮ ಕೈಯಾಗ ಆಗಲಿಲ್ಲಂದ್ರ ಇನ್ಯಾರ ಕೈಯಾಗ ಆಗತೈತ್ರಿ? ಮಾರಿಬಿಡ್ತೀನಿ."

ಆ ಮಾತು ಕಳಕಪ್ಪನಿಗೆ ಚುಚ್ಚಿತು. ಆದರೂ ಅವಸರ ಮಾಡಲಿಲ್ಲ. ಕಿಡಿ ಹುಟ್ಟಿಸುವ ಪಾಯಿಂಟು ಬಿಚ್ಚಿ, ಉಜ್ಜಿ, ಸಂದು ಅಳೆದು ಕೂಡಿಸಿದ. ಪ್ಲಗ್ಗು ತೆಗೆದು ನೋಡಿದರೆ ನಾಲ್ಕರ ತುದಿಗಳೂ ಸುಟ್ಟು ಬೆಳ್ಳಗಾಗಿದ್ದವು. ಕಿಡಿ ಹೊತ್ತಿಗೆ ಮುಂಚೆಯೇ ಹಾರುತ್ತಿದೆ ಅಂತಾಯಿತು. ಬಲ್ಬಿನ ವೈರು ಹಚ್ಚಿ, ಎಂಜಿನ್ನನ್ನು ಕೈಯಿಂದ ತಿರುಗಿಸಿ, ಸರಿಯಾಗಿ ಕಂಪನಿಯ ಗುರುತಿನ ಹತ್ತಿರ ಬಲ್ಬು ಹತ್ತುವಂತೆ, ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಹೊರಳಿಸಿದ. ಆದರೆ ಸವೆದ ಎಂಜಿನ್ನಿಗೆ ಗುರುತು ಬರೀ ಅಂದಾಜು. ಮುಂದಿನದು ಅವನ ಸ್ವಂತ ಪದ್ಧತಿ: ಎಂಜಿನ್ ಚಾಲೂ ಮಾಡಿ, ರೇಸ್ ಕೊಡುತ್ತ, ಅದೇ ಹರಳಿನಂಥ ಟಕಟಕ ಸದ್ದು ಬರುವ ತನಕ ಮುಂದಕ್ಕೆ ಹೊರಳಿಸುವುದು, ಅಂದರೆ ಕಿಡಿಯನ್ನು ಇನ್ನಷ್ಟು ಬೇಗ ಹಾರಿಸುವುದು, ಬಂದೊಡನೆ ಕೂದಲೆಳೆಯಷ್ಟು ಹಿಂದಕ್ಕೆ ತರುವುದು. ಹೊರಳಿಸಿದ. ಸದ್ದು ಬರಲಿಲ್ಲ. ಇನ್ನಷ್ಟು ಹೊರಳಿಸಿದ.

ಗ್ಯಾರೇಜಿನ ಹಿಂದೆಯೇ ಮನೆ. ಚಹಾ ತಂದ ಹೆಂಡತಿ ಯಂಕವ್ವ ಬಾಗಿಲಲ್ಲೇ ಮುಖ ಕಿವುಚಿದಳು.

"ಅಯ್ಯ, ಸಾಕು ಮಾಡ್ರಿ! ಎಷ್ಟೊತ್ತು ಟಕಟಕ ಅನಸ್ತೀರಿ ಅದನ್ನ?"

"ಯಾವ ಟಕಟಕ?"

"ಅಷ್ಟು ಬಡಕೊಳ್ಳಾಕತ್ತೈತಿ, ಯಾವ ಟಕಟಕ ಅಂತೀರಲ್ಲ!"

ಕಳಕಪ್ಪನ ಕೈ ಅಲ್ಲೇ ನಿಂತಿತು. ಕುಕ್ಕರಿನ ಸೀಟಿ ಕೇಳದೆ ಅನ್ನ ಸೀದದ್ದು, ಬೆನ್ನ ಹಿಂದೆ ಕೂಗಿದವರಿಗೆ ಓ ಅನ್ನದೆ ಬೈಸಿಕೊಂಡದ್ದು, ಇದನ್ನೆಲ್ಲ ಒಂದು ವರ್ಷದಿಂದ ಏನೇನೋ ನೆಪ ಹೇಳಿ ಮುಚ್ಚಿಕೊಂಡು ಬಂದಿದ್ದ. ಈಗ ಮುಚ್ಚಲು ಏನೂ ಉಳಿಯಲಿಲ್ಲ. ದೋಷ ಗಾಡಿಯಲ್ಲಿರಲಿಲ್ಲ. ತನಗೆ ಕೇಳದ ಸದ್ದಿಗೆ ಕಾಯುತ್ತ ಮುಂದಕ್ಕೆ ಹೊರಳಿಸಿ ಹೊರಳಿಸಿ, ಪ್ರತಿ ಸಲವೂ ತಾನೇ ಕೆಡಿಸಿ ಕಳಿಸಿದ್ದ. ಹೇಳಿದರೆ ನಲವತ್ತು ವರ್ಷದ ಹೆಸರು ಹೋಗಿ, ಸುದ್ದಿ ಸಂಜೆಯೊಳಗೆ ಬಸ್‌ಸ್ಟ್ಯಾಂಡು ತಲುಪುತ್ತದೆ. ಮಾಸ್ತರು ಆಚೆ ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದರು.

"ಏ, ಗಾಡಿ ಹತ್ತು," ಎಂದು ಹೆಂಡತಿಗೆ ಮೆಲ್ಲಗೆ ಹೇಳಿದ. "ಏರಿನ್ಯಾಗ ಸಪ್ಪಳ ಬಂದ್ರ ಹಿಂದಿಂದ ನನ್ನ ಹೆಗಲ ಮುಟ್ಟು. ಬಾಯಿ ಬಿಡಬ್ಯಾಡ."

ಯಂಕವ್ವ ಅವನ ಮುಖ ನೋಡಿ, ಚಹಾ ಅಲ್ಲೇ ಇಟ್ಟು ಹಿಂದಿನ ಸೀಟು ಹತ್ತಿದಳು. ಮಾಸ್ತರಿಗೆ ಅವನು ಹೇಳಿದ್ದೇ ಬೇರೆ: "ಹಿಂದ ಒಂದೀಟು ಭಾರ ಬೇಕ್ರಿ, ಅಂದ್ರ ಸರಿ ಗೊತ್ತಾಗತೈತಿ."

ಹನುಮಸಾಗರ ರಸ್ತೆಯ ಏರಿನಲ್ಲಿ ಮಾಸ್ತರು ಟಾಪ್ ಗೇರಿನಲ್ಲಿ ಓಡಿಸಿದರು. ಪಕ್ಕದಲ್ಲಿ ಕೂತ ಕಳಕಪ್ಪನ ಹೆಗಲಿಗೆ ಬೆರಳು ತಾಗಿತು. ಕಳಕಪ್ಪ ಇಳಿದು, ಬೋಲ್ಟು ಸಡಿಲಿಸಿ, ಡಿಸ್ಟ್ರಿಬ್ಯೂಟರನ್ನು ಒಂದಿಷ್ಟು ಹಿಂದಕ್ಕೆ ಹೊರಳಿಸಿದ. ಕೆಳಗೆ ಹೋಗಿ ಮತ್ತೆ ಹತ್ತಿದರು. ಮತ್ತೆ ಬೆರಳು. ಮೂರನೆಯ ಸಲ ಮಾಸ್ತರು, "ಹೋತ್ರಿ ಸಪ್ಪಳ!" ಎಂದು ಕುಣಿಯುವುದೊಂದು ಬಾಕಿ. ಆದರೆ ಬೆರಳು ತಾಗಿತು.

"ಇನ್ನೂ ಐತ್ರಿ," ಎಂದು ಕಳಕಪ್ಪ ಇಳಿದ. ನಾಲ್ಕನೆಯ ಸಲ ಗಾಡಿ ಏರಿನ ತುದಿ ಮುಟ್ಟಿತು, ಹೆಗಲನ್ನು ಯಾರೂ ಮುಟ್ಟಲಿಲ್ಲ.

ಮಾಸ್ತರು ಗಾಡಿ ಬದಿಗೆ ನಿಲ್ಲಿಸಿದರು. "ಕಿವಿ ಅಂದ್ರ ನಿಮ್ಮದ್ರಿ ಕಳಕಪ್ಪಾರ! ನನಗ ಹೋತು ಅನ್ನಿಸಿದ ಸಪ್ಪಳ ನಿಮಗ ಕೇಳಿಸ್ತಲ್ಲ! ಸುಮ್ಮನ ಮಾರ್ತೀನಿ ಅಂದೆ, ತಪ್ಪಾತು."

ಸುಮ್ಮನಿದ್ದರೆ ಸಾಕಿತ್ತು. ಕಳಕಪ್ಪ ಸುಮ್ಮನಿರಲೂ ನೋಡಿದ. ಆದರೆ ತಪ್ಪಾಯಿತು ಎಂಬ ಮಾತನ್ನು ಮಾಸ್ತರ ಬಾಯಲ್ಲಿ ಕೇಳಿ ಕೂತಿರಲು ಅವನಿಂದ ಆಗಲಿಲ್ಲ.

"ತಪ್ಪು ನಂದ್ರಿ ಮಾಸ್ತರ. ನನಗ ಆ ಸಪ್ಪಳ ಕೇಳಸಂಗಿಲ್ಲ, ವರ್ಷ ಆತು. ಗಾಡಿ ಕೆಡಿಸಿದಾವ ನಾನ. ಇವತ್ತು ಕೇಳಿದಾಕಿ ಈಕಿ."

ಮಾಸ್ತರು ಸ್ಟೇರಿಂಗ್ ಬಿಟ್ಟು ಹಿಂದಕ್ಕೆ ತಿರುಗಿದರು.

"ಹಂಗಾದ್ರ ಮುಂದಿನ ಸರ್ವಿಸ್ಸಿಗೆ ಗಾಡಿ ಯಾವಾಗ ತರ್ಲಿ, ಯಂಕವ್ವ?"

ಈ ಪ್ರಶ್ನೆಯನ್ನು ನಲವತ್ತು ವರ್ಷದಲ್ಲಿ ಯಾರೂ ಅವಳಿಗೆ ಕೇಳಿರಲಿಲ್ಲ. ಅವಳು ಗಂಡನ ಕಡೆ ನೋಡಿದಳು. ಅವನು ರಸ್ತೆ ನೋಡುತ್ತಿದ್ದ.

"ಶ್ರಾವಣ ಕಳದ ಮ್ಯಾಲ ತರ್ರಿ," ಎಂದಳು. "ಬರೂ ಮುಂದ ನನ್ನ ನಂಬರಿಗೆ ಫೋನ್ ಮಾಡ್ರಿ. ಇವರಿಗೆ ಕೇಳಸಂಗಿಲ್ಲ."

ಕಳಕಪ್ಪನಿಗೆ ಅಳು ಬಂದಂತಾಯಿತು, ನಗುವೂ ಬಂತು. ಅವಳ ನಂಬರು ಅವಳಿಗೇ ನೆನಪಿರಲಿಲ್ಲ. ಅವನೇ ಹೇಳಿ ಬರೆಸಿದ.