ಹೋಟೆಲಿನ ಅಡುಗೆಮನೆಗಳಲ್ಲಿ ಕೇಳಿಬರುತ್ತಿದ್ದ ಕ್ರೀಡಾವಾಹಿನಿಯ ಕುರಿತು

ಮೇಲೆ ನಮೂದಿಸಿದ ವಿಷಯದ ಬಗ್ಗೆ ಓದುಗರ ಅವಗಾಹನೆಗೆ ತರಬಯಸುವುದೇನೆಂದರೆ, ಈ ಬರಹದಲ್ಲಿ ಬರುವ ಕ್ರೀಡಾವಾಹಿನಿಯು ಈಗ ಹಳೆಯ ಹೆಸರಿನಲ್ಲಿ ಅಸ್ತಿತ್ವದಲ್ಲಿರುವುದಿಲ್ಲ. ಮೊಬೈಲಿನಲ್ಲಿ ಹುಡುಕಿದರೆ ಬೇರೆ ಬಣ್ಣದ, ಬೇರೆ ಹೆಸರಿನ ಆ್ಯಪ್ ಒಂದು ತೆರೆದುಕೊಳ್ಳುತ್ತದೆ. ಅದರಲ್ಲಿ ಹಿಂದಿ ಇದೆ, ಇಂಗ್ಲಿಷ್ ಇದೆ, ಕನ್ನಡ ಇಲ್ಲ. ಮೊದಲಿದ್ದ ಕನ್ನಡದ ಧ್ವನಿ ನನ್ನ ಯಜಮಾನರದ್ದು.

ಮುಂಬಯಿ ಸಮೀಪದ ಡೊಂಬಿವಲಿಯ ನಮ್ಮ ಕನ್ನಡ ಸಂಘದ ಪತ್ರವ್ಯವಹಾರವನ್ನು ನಾನು ಅನೇಕ ವರ್ಷಗಳಿಂದ ನೋಡಿಕೊಂಡು ಬರುತ್ತಿದ್ದೇನೆ. ಸಭಾಗೃಹ ಕೋರಿ ಪಾಲಿಕೆಗೆ, ದೇಣಿಗೆ ಕೋರಿ ಹೋಟೆಲ್ ಮಾಲೀಕರಿಗೆ, ಸಂತಾಪ ಸೂಚಿಸಿ ಸದಸ್ಯರ ಮನೆಗಳಿಗೆ ಪತ್ರ ಬರೆದು ನನಗೆ ಅಭ್ಯಾಸ. ಸ್ವಂತ ವಿಷಯವನ್ನು ಬರೆಯುತ್ತಿರುವುದು ಇದೇ ಮೊದಲು. ಲೋಪದೋಷಗಳಿದ್ದಲ್ಲಿ ಮನ್ನಿಸಬೇಕಾಗಿ ವಿನಂತಿ.

ಯಜಮಾನರು ಉಡುಪಿಯ ಕಡೆಯವರು. ನಾನು ಧಾರವಾಡದ ಕಡೆಯ ಕುಟುಂಬದವಳು, ಹುಟ್ಟಿ ಬೆಳೆದದ್ದು ಕಲ್ಯಾಣದಲ್ಲಿ. ಮದುವೆಯಾದ ಹೊಸದರಲ್ಲಿ ನಮ್ಮಿಬ್ಬರ ಕನ್ನಡ ಒಂದಕ್ಕೊಂದು ಹೊಂದುತ್ತಿರಲಿಲ್ಲ.

"ಸಾರು ಭಾಳ ಖಾರ ಆಗೇತೇನ್ರಿ?" ಎಂದು ನಾನು ಕೇಳಿದರೆ, "ಖಾರ ಉಂಟು. ಪರ್ವಾಗಿಲ್ಲ, ಊರಿನ ನೆನಪಾಗಿ ಅಳುದು ಅಂತ ಜನ ತಿಳ್ಕೊಳ್ತಾರೆ" ಎನ್ನುತ್ತಿದ್ದರು.

ಠಾಣೆ ಪೂರ್ವದ ಕೋಪರಿಯಲ್ಲಿ, ನಿಲ್ದಾಣದ ಸಮೀಪದ ಹೋಟೆಲೊಂದರಲ್ಲಿ ಅವರು ಗಲ್ಲಾದ ಮೇಲೆ ಕೂರುತ್ತಿದ್ದರು. ಗಲ್ಲಾದ ಬೆನ್ನಿಗೆ ಅಡುಗೆಮನೆಗೆ ತೆರೆದ ಒಂದು ಕಿಂಡಿ. ಆ ಕಿಂಡಿಯಲ್ಲಿ ಅವರು ಆರ್ಡರ್ ಕೂಗುತ್ತಿದ್ದ ಬಗೆಯನ್ನು ನಾನೇ ಖುದ್ದಾಗಿ ಕೇಳಿದ್ದೇನೆ. ಬರೀ "ಎರಡು ಮಸಾಲೆ" ಎಂದು ಕೂಗಿ ಸುಮ್ಮನಾಗುವವರಲ್ಲ. "ಎರಡು ಮಸಾಲೆ, ಒಂದು ಕಿಟಕಿ ಹತ್ರದ ಅಜ್ಜನಿಗೆ, ಮೆತ್ತಗಿರ್ಲಿ, ಹಲ್ಲಿಲ್ಲ ಅವ್ರಿಗೆ" ಎನ್ನುತ್ತಿದ್ದರು. ಒಳಗೆ ದುಡಿಯುವವರಿಗೆ ಹೊರಗೆ ಕೂತವರು ಕಾಣುವುದಿಲ್ಲ. ಯಾರಿಗಾಗಿ ಮಾಡುತ್ತಿದ್ದೇವೆಂದು ತಿಳಿದರೆ ಕೈ ಚೆನ್ನಾಗಿ ಓಡುತ್ತದೆ ಎಂಬುದು ಅವರ ಅಭಿಪ್ರಾಯವಾಗಿತ್ತು.

ಸದರಿ ವಾಹಿನಿಯು ಪ್ರಾರಂಭವಾದದ್ದು ಡೊಂಬಿವಲಿ ಪೂರ್ವದಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಒಂದು ಬಾಡಿಗೆ ಕೋಣೆಯಲ್ಲಿ. ಇಬ್ಬರು ಮರಾಠಿ ತರುಣರು ಮದುವೆಗಳಿಗೆ ಬಳಸುತ್ತಿದ್ದ ಕ್ಯಾಮೆರಾಗಳನ್ನೇ ಹೊತ್ತುಕೊಂಡು ಹೋಗಿ, ವಿಠ್ಠಲವಾಡಿ, ಬದಲಾಪುರಗಳ ಮೈದಾನಗಳಲ್ಲಿ ನಡೆಯುವ ಟೆನಿಸ್ ಬಾಲ್ ಕ್ರಿಕೆಟ್ ಪಂದ್ಯಗಳನ್ನು ಮೊಬೈಲಿಗೆ ನೇರವಾಗಿ ಪ್ರಸಾರ ಮಾಡುತ್ತಿದ್ದರು. ಅವುಗಳಲ್ಲಿ ನಮ್ಮ ಕನ್ನಡದ ಹೋಟೆಲಿನವರದ್ದೂ ಒಂದು ಪಂದ್ಯಾವಳಿ. ಅವರಿಗೆ ಭಾನುವಾರ ಪುರುಸೊತ್ತಿಲ್ಲವಾದ ಕಾರಣ ಅದನ್ನು ವಾರದ ನಡುವೆ ಇಟ್ಟುಕೊಳ್ಳಲಾಗುತ್ತಿತ್ತು. ಪ್ರತಿ ಹೋಟೆಲಿನಿಂದ ಕೆಲವರು ಆಡಲು ಹೋಗುತ್ತಿದ್ದರು, ಉಳಿದವರು ಅವರ ಪಾಲಿನ ಕೆಲಸವನ್ನೂ ಹೊತ್ತು ಒಲೆಯ ಮುಂದೆ ನಿಲ್ಲುತ್ತಿದ್ದರು. ಅಂಥ ಒಂದು ದಿನ ಲೋಕಲ್ ಗಾಡಿಗಳು ನಿಂತುಹೋಗಿ ಮರಾಠಿಯ ವೀಕ್ಷಕ ವಿವರಣೆಗಾರರು ಬಂದು ತಲುಪಲಿಲ್ಲ. ತಂಡಕ್ಕೆ ಊಟದ ಪಾತ್ರೆ ತೆಗೆದುಕೊಂಡು ಹೋಗಿದ್ದ ಯಜಮಾನರ ಕೈಗೆ ಮೈಕ್ ಬಂತು.

ಕಿಂಡಿಯಲ್ಲಿ ಮಾತಾಡಿದ ಹಾಗೆಯೇ ಅವರು ಅಲ್ಲೂ ಮಾತಾಡಿದರು. ಚೆಂಡು ಎಲ್ಲಿ ಬಿತ್ತು, ಯಾರು ಓಡಿದರು, ಓಡುವಾಗ ಯಾರ ಚಪ್ಪಲಿ ಕಳಚಿತು, ಬಿಸಿಲು ಯಾರ ಕಣ್ಣಿಗೆ ಹೊಡೆಯುತ್ತಿತ್ತು, ಎಲ್ಲವನ್ನೂ ಹೇಳಿದರು. ಕ್ಯಾಮೆರಾ ಹಿಡಿದಿದ್ದ ತರುಣ ನಡುವೆ ಬಂದು, "ಕಾಕಾ, ವಿಡಿಯೋ ಹೈ ನಾ, ಲೋಗ್ ದೇಖ್ ರಹೇ ಹೈ. ಇತನಾ ಕ್ಯೂಂ ಬೋಲತೇ ಹೋ?" ಎಂದನಂತೆ. ಜನ ನೋಡುತ್ತಲೇ ಇದ್ದಾರಲ್ಲ, ಇಷ್ಟೇಕೆ ಮಾತು ಎಂದು ಅದರ ಅರ್ಥ.

"ನೋಡುವವ್ರು ನೋಡ್ಲಿ ಮಾರಾಯ. ಕಾವಲಿ ಮುಂದೆ ನಿಂತವ ಎಂತ ನೋಡ್ತಾನೆ?" ಎಂದು ಇವರು ಕನ್ನಡದಲ್ಲಿಯೇ ಉತ್ತರಿಸಿದರಂತೆ. ಅವನಿಗೆ ಅರ್ಥವಾಗಲಿಲ್ಲ, ಆದರೆ ನಕ್ಕ.

ಈ ಮಾತನ್ನು ಸ್ವಲ್ಪ ಸ್ಪಷ್ಟಪಡಿಸುವುದು ಅವಶ್ಯ. ಹೋಟೆಲಿನ ಅಡುಗೆಮನೆಯಲ್ಲಿ ಪಂದ್ಯವನ್ನು ಯಾರೂ ನೋಡುವುದಿಲ್ಲ. ಎಲ್ಲರಿಗೂ ಸೇರಿ ಒಂದೇ ಫೋನು. ಆವಿ, ಎಣ್ಣೆ ತಾಗದಂತೆ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮೇಲಿನ ಹಲಗೆಯಲ್ಲಿ ಗೋಡೆಗೆ ಮುಖ ಮಾಡಿ ಇಡುತ್ತಾರೆ. ಇಡ್ಲಿ ಹಾಕುವವನು, ಚಟ್ನಿ ರುಬ್ಬುವವನು, ಪಾತ್ರೆ ತೊಳೆಯುವವನು, ಎಲ್ಲರೂ ಕಿವಿಯಲ್ಲಿಯೇ ಆಟ ಕಾಣಬೇಕು. ಯಜಮಾನರು ಗಲ್ಲಾಕ್ಕೆ ಬರುವ ಮೊದಲು ಅದೇ ಕಾವಲಿಯ ಮುಂದೆ ನಿಂತವರು.

ಆ ದಿನದ ನಂತರ ಹೋಟೆಲಿನವರ ಪಂದ್ಯಗಳಿಗೆಲ್ಲ ಅವರನ್ನೇ ಕರೆಯತೊಡಗಿದರು. ವಾಹಿನಿಯೂ ಬೆಳೆಯಿತು. ಕಬಡ್ಡಿ ಬಂತು, ಖೋ ಖೋ ಬಂತು. ಕೆಲ ಸಮಯದ ಬಳಿಕ ಒಂದು ಕಂಪನಿಯವರು ಹಣ ಹೂಡಿ ವಾಹಿನಿಯನ್ನು ತಮ್ಮದಾಗಿಸಿಕೊಂಡು, ಕಚೇರಿಯನ್ನು ನವಿ ಮುಂಬಯಿಯ ಐರೋಲಿಯಲ್ಲಿ ಗಾಜಿನ ಕಟ್ಟಡವೊಂದಕ್ಕೆ ಸ್ಥಳಾಂತರಿಸಿದರು. ತರುಣರಿಬ್ಬರೂ ಮೇಲಧಿಕಾರಿಗಳಾದರು. ಯಜಮಾನರಿಗೆ ಗುರುತಿನ ಚೀಟಿಯೂ ವಾಹಿನಿಯ ಹೆಸರಿದ್ದ ಹೊಸ ಟೀ ಶರ್ಟೂ ದೊರೆತವು. ಗಿರಣಿಯ ಕಾಲದ ನೀಲಿ ಟೀ ಶರ್ಟು ಆಗಲೇ ಇತ್ತು, ಈಗ ಕೇಸರಿ ಬಂತು. ಹೋಟೆಲಿನ ಕೆಲಸಕ್ಕೆ ರಾಜೀನಾಮೆ ನೀಡಿದ ದಿನ ಅಡುಗೆ ಭಟ್ಟರು ಕಿಂಡಿಯಲ್ಲಿ ತಲೆ ಹಾಕಿ, "ಇನ್ನು ನಿಮ್ಮ ಬೈಗುಳ ಫೋನಿನಲ್ಲಿ ಕೇಳ್ಬೇಕಾ? ಅದಕ್ಕೂ ನೆಟ್ ಪ್ಯಾಕ್ ಹಾಕ್ಸ್ಬೇಕು" ಎಂದು ಹಾಸ್ಯ ಮಾಡಿದರು.

ಡೊಂಬಿವಲಿಯಿಂದ ಠಾಣೆಗೆ, ಅಲ್ಲಿ ಇಳಿದು ಐರೋಲಿಯ ಗಾಡಿಗೆ. ಆ ಗಾಡಿ ಹೊರಡುವ ಪ್ಲಾಟ್‌ಫಾರ್ಮು ಕೋಪರಿಯ ಕಡೆಗೇ ಇದೆ. ಬೆಳಗಿನ ಹೊತ್ತು ಒಗ್ಗರಣೆಯ ವಾಸನೆ ಅಲ್ಲಿಯವರೆಗೆ ಬರುತ್ತದೆ ಎಂದು ಅವರು ಸಾಧಿಸುತ್ತಿದ್ದರು. "ನಿಮ್ಮ ಮೂಗಿಗಷ್ಟ ಬರ್ತದ ನೋಡ್ರಿ" ಎಂದು ನಾನು ನಗುತ್ತಿದ್ದೆ. ಕಚೇರಿಯಲ್ಲಿ ಮೈದಾನವಿರಲಿಲ್ಲ. ತಣ್ಣಗಿನ ಸಣ್ಣ ಕೋಣೆಯಲ್ಲಿ ಪರದೆ ನೋಡಿಕೊಂಡು ಮಾತಾಡಬೇಕಾಗಿತ್ತು. ಬಿಸಿಲು ಯಾವ ಕಡೆಯಿಂದ ಬರುತ್ತಿದೆ ಎಂದು ಮೊದಲೇ ಮೈದಾನದವರಿಗೆ ಫೋನು ಮಾಡಿ ಕೇಳಿಕೊಳ್ಳುತ್ತಿದ್ದರು. ನಮ್ಮ ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರಿಸುವವಳು. ಅವಳೂ ಕಾಲೇಜಿಗೆ ಹೋಗುವಾಗ ಗಾಡಿಯಲ್ಲಿ ಅಪ್ಪನ ವಿವರಣೆ ಕೇಳುತ್ತಿದ್ದಳೆಂಬುದು ನನಗೆ ಬಹಳ ತಡವಾಗಿ ತಿಳಿಯಿತು.

ಅದಾದ ಮೇಲೆ ವಾಹಿನಿ ಮತ್ತೆ ಮಾರಾಟವಾಯಿತು. ಈ ಸಲದವರು ಇನ್ನೂ ದೊಡ್ಡವರು. ಕಪ್ಪು ಟೀ ಶರ್ಟು ಬಂತು. ಗಿರಣಿಯ ಮೇಲೆ ಕೂತು ಪ್ರಾರಂಭಿಸಿದ್ದ ತರುಣರಿಬ್ಬರೂ ಕೆಲವೇ ದಿನಗಳಲ್ಲಿ ಹೊರಬಿದ್ದರು. ಅವರಲ್ಲೊಬ್ಬ ಹೋಗುವಾಗ ಯಜಮಾನರ ಕೋಣೆಗೆ ಬಂದು, "ಕಾಕಾ, ತುಮ್ ಬೋಲತೇ ರಹೋ" ಎಂದಷ್ಟೇ ಹೇಳಿ ಹೋದನಂತೆ. ಇವರು ಆ ಮಾತನ್ನು ಮನೆಯಲ್ಲಿ ಮತ್ತೆ ಮತ್ತೆ ಹೇಳಿದರು. ಮಾತಾಡುತ್ತಲೇ ಇರಿ ಎಂದರೆ ಉಳಿಯುತ್ತದೆ ಎಂದರ್ಥವೋ, ಉಳಿಯುವುದಿಲ್ಲ ಎಂದರ್ಥವೋ ಎಂದು ನನ್ನನ್ನು ಕೇಳಿದರು.

ಹೊಸ ಮಾಲೀಕರು ಆ್ಯಪಿನಲ್ಲಿ ಒಂದು ಬದಲಾವಣೆ ಮಾಡಿದರು. ಪಂದ್ಯ ನಡೆಯುತ್ತಿರುವಾಗಲೇ ಪರದೆಯ ಮೇಲೆ "ಇನ್ನೂ ನೋಡುತ್ತಿದ್ದೀರಾ?" ಎಂಬ ಪ್ರಶ್ನೆ ಮೂಡುತ್ತಿತ್ತು. ಬೆರಳಿನಿಂದ ಮುಟ್ಟದಿದ್ದರೆ ಪ್ರಸಾರ ಅಲ್ಲಿಗೇ ನಿಲ್ಲುತ್ತಿತ್ತು. ಗೋಡೆಗೆ ಮುಖ ಮಾಡಿ ಚೀಲದಲ್ಲಿ ಕೂತಿರುವ ಫೋನಿನ ಪ್ರಶ್ನೆಗೆ ಹಿಟ್ಟಿನ ಕೈಯವರು ಹೇಗೆ ಉತ್ತರಿಸಬೇಕು? ಕಚೇರಿಯ ಲೆಕ್ಕದಲ್ಲಿ ಮಾತ್ರ ಕನ್ನಡದ ವೀಕ್ಷಕರು ಪಂದ್ಯದ ಅರ್ಧಕ್ಕೇ ಎದ್ದುಹೋಗುವವರೆಂದು ದಾಖಲಾಯಿತು. ಮೊದಲೇ ಹತ್ತು ಜನರಿಗೆ ಒಂದು ಫೋನು, ಅದೂ ಅರ್ಧ ಪಂದ್ಯ. ಈ ಋತು ಮುಗಿಯುವುದರೊಳಗೆ ವೀಕ್ಷಕರು ಹೆಚ್ಚದಿದ್ದರೆ ಕನ್ನಡವನ್ನು ನಿಲ್ಲಿಸಲಾಗುವುದು ಎಂದು ಯಜಮಾನರಿಗೆ ತಿಳಿಸಲಾಯಿತು.

ಅವರು ರಜೆಯ ದಿನಗಳಲ್ಲಿ ಠಾಣೆ, ಕಲ್ಯಾಣ, ನವಿ ಮುಂಬಯಿಯ ಅಡುಗೆಮನೆಗಳಿಗೆ ಹೋಗತೊಡಗಿದರು. ಕೋಪರಿಗೆ ನಾನೂ ಜೊತೆಯಲ್ಲಿ ಹೋಗಿದ್ದೆ. ಇವರು ವಿಷಯ ಹೇಳಿದಾಗ ಭಟ್ಟರು ಸೌಟು ಕೆಳಗಿಟ್ಟರು.

"ಅಂದ್ರೆ ನಾವು ಕೇಳಿದ್ದು ಅವ್ರ ಲೆಕ್ಕಕ್ಕೆ ಬರುದಿಲ್ವಾ?"

"ಬರುದಿಲ್ಲ. ನೋಡ್ಬೇಕಂತೆ."

"ದೋಸೆ ತಿನ್ನುವವ್ನು ದೋಸೆ ಹೊಯ್ಯುದನ್ನು ನೋಡ್ತಾನಾ? ತಿಂದದ್ದಕ್ಕೆ ಬಿಲ್ಲು ಕೊಡ್ತಾನೆ ಅಲ್ವಾ?" ಎಂದು ಭಟ್ಟರು ಸಿಟ್ಟಾದರು. ಮತ್ತೆ ಒಳಗಿನವರ ಕಡೆ ತಿರುಗಿ, "ಎಲ್ರೂ ಅವರವರ ಫೋನ್ ತೆಗೀರಿ. ಇನ್ನು ಎಲ್ರ ಫೋನಲ್ಲೂ ಹಾಕುದು. ನಮ್ಮ ಜನಕ್ಕೆ ನಾವೇ ಇಲ್ಲದಿದ್ರೆ ಹೇಗೆ?" ಎಂದರು. ಈ ಉಪಾಯ ಒಂದು ಹೋಟೆಲಿನಿಂದ ಇನ್ನೊಂದಕ್ಕೆ, ಯಾರೂ ಹೇಳದೆಯೇ, ಹಬ್ಬಿತು.

ಆದರೆ ಒಂದೇ ಅಡುಗೆಮನೆಯಲ್ಲಿ ಹತ್ತು ಫೋನು ಹಾಕಿದರೆ ಹತ್ತೂ ಒಟ್ಟಿಗೆ ಮಾತಾಡುವುದಿಲ್ಲ. ಒಂದು ಸ್ವಲ್ಪ ಮುಂದೆ, ಒಂದು ಸ್ವಲ್ಪ ಹಿಂದೆ. ಒಂದರಲ್ಲಿ ಚೆಂಡು ಎಸೆಯಲಾಗುತ್ತಿದ್ದರೆ ಇನ್ನೊಂದರಲ್ಲಿ ಅದೇ ಚೆಂಡಿಗೆ ಔಟಾಗಿರುತ್ತಿತ್ತು. ಯಜಮಾನರ ಧ್ವನಿ ತನ್ನ ಮೇಲೆ ತಾನೇ ಬಿದ್ದು ಮುರಿದು ಮುರಿದು ಕೇಳಿಸಿ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಹಾಗಾಗಿ ಒಂದು ಫೋನಿಗೆ ಮಾತ್ರ ಧ್ವನಿ ಉಳಿಸಿ, ಉಳಿದವುಗಳ ಧ್ವನಿಯನ್ನು ಪೂರ್ತಿಯಾಗಿ ಮುಚ್ಚಿ, ಪಾತ್ರೆಯ ಹಲಗೆಯಲ್ಲಿ, ಮುಖ ಈಚೆಗೆ ಮಾಡಿ, ಸಾಲಾಗಿ ಇಟ್ಟರು. ಪ್ರಶ್ನೆ ಬಂದ ಕೂಡಲೇ ಭಟ್ಟರು ಸೌಟಿನಿಂದ ಪಾತ್ರೆ ಬಡಿದು "ಮುಟ್ರೋ!" ಎನ್ನುವುದು, ಎಲ್ಲರೂ ಟವೆಲಿಗೆ ಕೈ ಒರೆಸಿಕೊಂಡು ಓಡಿಬಂದು ತಮ್ಮ ತಮ್ಮ ಫೋನು ಮುಟ್ಟುವುದು. ಯಜಮಾನರ ರಜೆಯ ದಿನವೊಂದರಲ್ಲಿ, ಅವರ ಹಳೆಯ ಪಂದ್ಯವೊಂದರ ಮರುಪ್ರಸಾರದ ನಡುವೆ ಅದನ್ನು ಕಣ್ಣಾರೆ ಕಂಡ ನಾನು ನಕ್ಕು ನಕ್ಕು ಸಾಕಾಗಿ ಅಕ್ಕಿ ಮೂಟೆಯ ಮೇಲೆ ಕೂತುಬಿಟ್ಟೆ. ಯಜಮಾನರು ನಗಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ದೇವಸ್ಥಾನದಲ್ಲಿ ನಿಂತ ಹಾಗೆ ನಿಂತಿದ್ದರು.

ಕಚೇರಿಯ ಲೆಕ್ಕದಲ್ಲಿ ಕನ್ನಡದ ವೀಕ್ಷಕರು ಏರಿದರು. ಯಜಮಾನರು ಖುಷಿಯಿಂದ ಮನೆಗೆ ಜಿಲೇಬಿ ತಂದರು. ಅದರ ಮರುವಾರ ಅವರನ್ನು ಮೇಲಿನ ಮಹಡಿಗೆ ಕರೆಯಲಾಯಿತು.

ಅಲ್ಲಿದ್ದ ಅಧಿಕಾರಿ ನಮ್ಮ ಮಗಳಿಗಿಂತ ಸ್ವಲ್ಪವೇ ದೊಡ್ಡ ಹೆಣ್ಣುಮಗಳು. ಸಭ್ಯಳು, ಕುರ್ಚಿ ಕೊಟ್ಟು ನೀರು ತರಿಸಿದಳಂತೆ. ಕಂಪ್ಯೂಟರನ್ನು ಇವರ ಕಡೆಗೆ ತಿರುಗಿಸಿ ತೋರಿಸಿದಳಂತೆ: ಒಂದೇ ಜಾಗದಿಂದ ಹತ್ತು ಫೋನುಗಳು, ಒಂಬತ್ತರಲ್ಲಿ ಧ್ವನಿಯೇ ಇಲ್ಲ, ಎಲ್ಲವನ್ನೂ ಒಂದೇ ಕ್ಷಣಕ್ಕೆ ಮುಟ್ಟಲಾಗಿದೆ. ಇಂಥ ಜಾಗಗಳು ಠಾಣೆಯಿಂದ ಕಲ್ಯಾಣದವರೆಗೆ ಹರಡಿಕೊಂಡಿವೆ.

"ಅಂಕಲ್, ಯೇ ಸಬ್ ಫೇಕ್ ವ್ಯೂಅರ್ಸ್ ಹೈ" ಎಂದಳಂತೆ. ಅವೆಲ್ಲ ನಕಲಿ ವೀಕ್ಷಕರು.

ಇವರು ಅಡುಗೆಮನೆ, ಆವಿ, ಹಲಗೆ ಎಂದೆಲ್ಲ ವಿವರಿಸಲು ಪ್ರಯತ್ನಿಸಿದರು. ಜೀವಮಾನವಿಡೀ ಕಾಣದವರಿಗೆ ಕಾಣಿಸುವಂತೆ ಹೇಳುತ್ತಾ ಬಂದವರಿಗೆ ಅಂದು ಹಿಂದಿಯಲ್ಲಿ ಮಾತು ಸಾಲದೆ ಹೋಯಿತು. ಸಾಲಿದ್ದರೂ ಪ್ರಯೋಜನವಾಗುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ. ನಕಲಿಯೆಂದು ಗುರುತಿಸಲಾದ ಆ ಎಲ್ಲ ಜಾಗಗಳನ್ನೂ ಲೆಕ್ಕದಿಂದ ಕೈಬಿಡಲಾಯಿತು. ಆ ಜಾಗಗಳಲ್ಲಿ ನಿಜವಾಗಿ ಕೇಳುತ್ತಿದ್ದ ಒಂದೊಂದು ಫೋನೂ ಜೊತೆಗೆ ಹೋಯಿತು. ಉಳಿದದ್ದು ಕನ್ನಡವನ್ನು ನಡೆಸುವಷ್ಟಿರಲಿಲ್ಲ; ಅದನ್ನು ನಿಲ್ಲಿಸಲಾಯಿತು.

ನಾನು ಸಂಘದ ಪರವಾಗಿ ಹೊಸ ಮಾಲೀಕರಿಗೆ ಒಂದು ಮನವಿ ಸಲ್ಲಿಸಿದೆ. "ಕೇಳುವವರನ್ನೂ ವೀಕ್ಷಕರೆಂದು ಪರಿಗಣಿಸಬೇಕಾಗಿ" ಎಂದು ಆದಷ್ಟು ವಿನಯದಿಂದ ಬರೆದಿದ್ದೆ. ಮನವಿ ಕಳುಹಿಸಿದ ಕ್ಷಣದಲ್ಲೇ, ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಎಂಬ ಉತ್ತರ ಬಂತು. ಯಾರಾದರೂ ಓದಲು ಬೇಕಾಗುವಷ್ಟು ಹೊತ್ತೂ ಆಗಿರಲಿಲ್ಲ.

ಭಟ್ಟರಿಗೆ ಕಾರಣ ತಿಳಿಸಬಾರದೆಂದು ಯಜಮಾನರು ನನ್ನಿಂದ ಮಾತು ತೆಗೆದುಕೊಂಡರು. "ಪ್ರೀತಿಯಿಂದ ಮುಟ್ಟಿದ್ದು ಅವ್ರು. ಅದ್ರಿಂದ್ಲೇ ಹೋಯ್ತು ಅಂತ ಹೇಗೆ ಹೇಳುದು?"

"ಅವರು ಕೇಳಿದ್ರ ನಾ ಏನ್ ಹೇಳ್ಲಿರಿ?"

"ಕಂಪನಿ ಮಾರಿದ್ರು ಅಂತ ಹೇಳು. ಅದೂ ಸುಳ್ಳಲ್ಲ."

ಈಗ ಅವರು ಕೋಪರಿಯ ಅದೇ ಹೋಟೆಲಿನ ಗಲ್ಲಾದಲ್ಲಿದ್ದಾರೆ. ಮಾಲೀಕರು ದೊಡ್ಡ ಮನಸ್ಸು ಮಾಡಿ ಮರಳಿ ತೆಗೆದುಕೊಂಡರು. ಆ ನೀಲಿ ಟೀ ಶರ್ಟು ನಮ್ಮ ಮನೆಯಲ್ಲಿ ಒಲೆ ಒರೆಸುವ ಬಟ್ಟೆಯಾಗಿದೆ, ಕೇಸರಿಯನ್ನು ಮಗಳು ಮನೆಯಲ್ಲಿ ಹಾಕಿಕೊಳ್ಳುತ್ತಾಳೆ, ಕಪ್ಪನ್ನು ಯಾರೂ ಮುಟ್ಟುವುದಿಲ್ಲ. ಗಾಡಿಯಲ್ಲಿ ಈಗ ಏನು ಕೇಳುತ್ತೀ ಎಂದು ಮಗಳನ್ನು ಒಮ್ಮೆ ಕೇಳಿದೆ. "ಕುಛ್ ನಹೀ, ಅಮ್ಮಾ" ಎಂದಳು, ಏನೂ ಇಲ್ಲವೆಂದು.

ಕಳೆದ ತಿಂಗಳು ಠಾಣೆಗೆ ಕೆಲಸವಿದ್ದು ಹೋದವಳು ಮಧ್ಯಾಹ್ನ ಹೋಟೆಲಿಗೆ ಹೋದೆ. ಗ್ರಾಹಕರು ಕೂರುವ ಕಡೆ ಹಾಕಿದ್ದ ಟಿವಿಯಲ್ಲಿ ಅದೇ ವಾಹಿನಿ, ಹೊಸ ಹೆಸರಿನಲ್ಲಿ, ಒಂದು ಅಂತಿಮ ಪಂದ್ಯವನ್ನು ತೋರಿಸುತ್ತಿತ್ತು. ಹಿಂದಿಯವರು ಏನೋ ಹಾಸ್ಯ ಮಾಡಿಕೊಂಡು ನಗುತ್ತಿದ್ದರು. ಆಟ ಎಲ್ಲರಿಗೂ ಕಾಣುತ್ತಿದ್ದುದರಿಂದ ಅದನ್ನು ಹೇಳುವ ಗೋಜಿಗೆ ಹೋಗಿರಲಿಲ್ಲ. ಇದ್ದಕ್ಕಿದ್ದಂತೆ ಗ್ರಾಹಕರು ಒಟ್ಟಿಗೆ ಹೋ ಎಂದು ಕೂಗಿದರು. ಕಿಂಡಿಯಲ್ಲಿ ಭಟ್ಟರ ಮುಖ ಕಾಣಿಸಿತು.

"ಎಂತಾಯ್ತು ಮಾರ್ರೆ?"

ಯಜಮಾನರು ಟಿವಿಯ ಕಡೆ ನೋಡಿದರು. "ಔಟು" ಎಂದರು.

"ಯಾರು? ಹೇಗೆ? ಸ್ವಲ್ಪ ಹೇಳಿ."

"ಟಿವಿ ಉಂಟಲ್ಲ ಭಟ್ರೇ. ಬಂದು ನೋಡಿ."

ಭಟ್ಟರು ತಮ್ಮ ಎರಡೂ ಕೈಗಳನ್ನು ಎತ್ತಿ ತೋರಿಸಿದರು. ಮೊಣಕೈವರೆಗೆ ಉದ್ದಿನ ಹಿಟ್ಟು. ಯಜಮಾನರು ಆ ಕೈಗಳನ್ನು ನೋಡಿದರು. ಈಗ ಹೇಳುತ್ತಾರೆ ಎಂದು ನಾನು ಅಂದುಕೊಂಡೆ. ಅಷ್ಟರಲ್ಲಿ ಗ್ರಾಹಕರೊಬ್ಬರು ಬಿಲ್ಲು ಮುಂದಿಟ್ಟರು. ಇವರು ಚಿಲ್ಲರೆ ತೆಗೆದುಕೊಟ್ಟು, ಕಿಂಡಿಯ ಕಡೆ ತಿರುಗಿ, "ಎರಡು ಮಸಾಲೆ" ಎಂದರು. ಯಾರಿಗೆಂದು ಹೇಳಲಿಲ್ಲ. ಭಟ್ಟರು ಇನ್ನೂ ಸ್ವಲ್ಪ ಹೊತ್ತು ಕೈ ಎತ್ತಿಕೊಂಡೇ ನಿಂತಿದ್ದು, ಆಮೇಲೆ ಒಳಗೆ ಹೋದರು.